ಕೆಂಪು ಮುಚ್ಚಳ

ಯಾರಿಗಾದರೂ ಹೇಳಿಕೊಳ್ಳುವಷ್ಟು ದೊಡ್ಡ ವಿಷಯವೇನಲ್ಲ, ಒಂದು ಬಾಟಲಿ ಮುಚ್ಚಳ ಅಷ್ಟೆ ಎಂದು ದಾಯಮಿ ತನಗೆ ತಾನೇ ಹೇಳಿಕೊಂಡಳು. ಭಾನುವಾರದಿಂದ ಇದನ್ನೇ ಹೇಳಿಕೊಳ್ಳುತ್ತಿದ್ದಳು. ದಿನಚರಿಯಲ್ಲಿ ‘ಮುಚ್ಚಳ ಬದಲಿಸಿದವಳು ನಾನು’ ಎಂದು ಬರೆದಳು. ಯಾರಾದರೂ ಓದಿಯಾರೆಂದು ಹೆದರಿ ಅದರ ಮೇಲೆ ಗೀಚಿದಳು. ಗೀಚಿದ್ದೇ ಎದ್ದು ಕಾಣುತ್ತದಲ್ಲ ಎನ್ನಿಸಿ ಪುಟವನ್ನೇ ಹರಿದು ಒಲೆಗೆ ಹಾಕಿದಳು. ಪುಟ ಸುಟ್ಟು ಬೂದಿಯಾಯಿತು. ವಿಷಯ ಆಗಲಿಲ್ಲ.

ಇದು ಕ್ಯೂಬಾದಲ್ಲಿ ಸಕ್ಕರೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲಿನ ಮಾತು. ಸಾನ್ ತೆಲ್ಮೋ ಕಾರ್ಖಾನೆಯ ಚಿಮಣಿಯ ಮೇಲೆ ಈಗ ಹದ್ದುಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಅಲ್ಲಿ ಮೂವತ್ತನಾಲ್ಕು ವರ್ಷ ಯಂತ್ರಗಳ ರಿಪೇರಿ ನೋಡಿಕೊಂಡಿದ್ದ ಎರಾಸ್ಮೋನನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕಾರ್ಖಾನೆ ನಿಂತಿತು, ಮೇಸ್ತ್ರಿಯ ಕೈ ನಿಲ್ಲಲಿಲ್ಲ. ಬಸ್ಸು ಬರುತ್ತಿರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ಚೀನಾದಿಂದ ಬಂದ ಮಣಭಾರದ ಸೈಕಲ್ಲುಗಳನ್ನು ತುಳಿದು ತುಳಿದು ಜನರ ಮೊಣಕಾಲು ಸವೆದಿದ್ದವು. ಅಂಥವರ ಸೈಕಲ್ಲಿಗೆ ಮೇಸ್ತ್ರಿ ಎಂಜಿನ್ ಕೂರಿಸಿಕೊಡುತ್ತಿದ್ದ. ಎಂಜಿನ್ ಕೂತ ಸೈಕಲ್ಲೇ ರಿಕಿಂಬಿಲಿ. ಅದು ಓಡಿದರೆ ಒಂದು ಮೈಲಿ ದೂರದ ಕೋಳಿಗೂ ತಿಳಿಯುತ್ತಿತ್ತು.

ದಾಯಮಿಯ ಮನೆಗೂ ಮೇಸ್ತ್ರಿಯ ಮನೆಗೂ ಅಂಗಳ ಒಂದೇ. ಸಾಂತಾ ಕ್ಲಾರಾ ನಗರದಲ್ಲಿ ಪದವಿ ಮುಗಿಸಿ ಬಂದು ಊರಿನ ಪುಸ್ತಕಾಲಯದಲ್ಲಿ ಕೂತಿದ್ದ ಅವಳು ಮಾತಿನಲ್ಲಿ ತೀರಾ ಜಿಪುಣಿ. ಆ ಕೊರತೆಯನ್ನು ತಾಯಿ ಎನೆಲಿಯಾ ಬಡ್ಡಿ ಸಮೇತ ತುಂಬುತ್ತಿದ್ದಳು. “ಐದು ವರ್ಷ ಓದಿಸ್ದೆ. ಎಲ್ಲರ ಮಕ್ಕಳು ಸರ್ಟಿಫಿಕೇಟ್ ತಂದ್ರು, ಇವ್ಳು ಬಾಯಿಗೆ ಬೀಗ ಹಾಕಿಸ್ಕೊಂಡು ಬಂದ್ಳು” ಎಂದು ಕಾಫಿ ಸೋಸುತ್ತ ಅಂಗಳಕ್ಕೆಲ್ಲ ಸಾರುವಳು.

“ಬಿಡೇ ಎನೆಲಿಯಾ, ಈ ಅಂಗಳದಲ್ಲಿ ಇಬ್ಬರು ನಿನ್ನಂಥೋರಿದ್ರೆ ನನ್ನ ಎಂಜಿನ್ ಸದ್ದು ನನಗೇ ಕೇಳ್ತಿರಲಿಲ್ಲ” ಎಂದು ಮೇಸ್ತ್ರಿ ದಾಯಮಿಯ ಪರ ನಿಲ್ಲುವನು.

ಆ ಸಲದ ಗಾಡಿ ಬ್ರೆಡ್ ಅಂಗಡಿಯ ಲಿಯೋವಿಹಿಲ್ದೋನದು. ನಲವತ್ತು ದಾಟಿದ, ಮೊಳೆಯಂತೆ ತೆಳ್ಳಗಿದ್ದ ಆಸಾಮಿ. ಅಷ್ಟು ಉದ್ದದ ಹೆಸರು ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ಲಿಯೋ ಎಂದಾಗಿದ್ದ. ವರ್ಷಕ್ಕೊಮ್ಮೆ ಪಕ್ಕದೂರು ಲಾ ಕಿಂತಾದವರೊಂದಿಗೆ ನಡೆಯುವ ಓಟದಲ್ಲಿ ಸಾನ್ ತೆಲ್ಮೋ ಪರವಾಗಿ ಅವನೇ ಓಡಿಸಬೇಕಿತ್ತು. ಮೇಸ್ತ್ರಿ ಎರಡು ತಿಂಗಳು ಆ ಗಾಡಿಯ ಮೇಲೆ ಬಗ್ಗಿ ದುಡಿದ. ಎಂಜಿನ್ನು ಸೊಳ್ಳೆಗೆ ಹೊಗೆ ಹೊಡೆಯುವ ಹಳೆಯ ಯಂತ್ರದ್ದು. ಹೊಗೆಕೊಳವೆ ಕಬ್ಬಿಣದ ಮಂಚದ ಕಾಲು. ಪೆಟ್ರೋಲು ಇಳಿಯುವ ನಳಿಕೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವಂಥದ್ದು. ಪೆಟ್ರೋಲ್ ಟ್ಯಾಂಕೆಂದರೆ ಹ್ಯಾಂಡಲ್ಲಿನ ಕೆಳಗೆ ತಲೆಕೆಳಗಾಗದಂತೆ ಕಟ್ಟಿದ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿ. ನಳಿಕೆ ಅದರ ತಳದಿಂದ ಹೊರಡುತ್ತಿತ್ತು.

ಆದರೆ ದಾಯಮಿ ಬೆರಗಾಗಿ ನೋಡಿದ್ದು ಕಿಡಿ ಹುಟ್ಟಿಸುವ ತಂತಿ ಸುರುಳಿಯನ್ನು. ಕೆಟ್ಟ ರೇಡಿಯೋದಿಂದ ಬಿಚ್ಚಿದ ತಂತಿ, ಕೂದಲಿಗಿಂತ ಸಣ್ಣದು. ಹೊಲಿಗೆ ಯಂತ್ರದ ಕೈಚಕ್ರಕ್ಕೆ ಮರದ ಚೌಕಟ್ಟು ಜೋಡಿಸಿ ಮೇಸ್ತ್ರಿ ತನ್ನ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಾಡಿಕೊಂಡಿದ್ದ ಸುತ್ತುಚಕ್ರದ ಮೇಲೆ ಅದು ಎಂಟು ಸಾವಿರ ಸುತ್ತು ಸುತ್ತಬೇಕು. ಒಂದೆಳೆಯ ಮೇಲೆ ಇನ್ನೊಂದೆಳೆ ಹತ್ತಬಾರದು. ಪದರ ತುಂಬಿದಾಗ ಮೇಣ ಸವರಿದ ತೆಳು ಕಾಗದ, ಮತ್ತೆ ಪದರ. ಮೇಸ್ತ್ರಿ ತಂತಿಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಅದು ಹರಿಯುವುದನ್ನು ಕೇಳಿಸಿಕೊಳ್ಳುವವನಂತೆ ಕತ್ತು ವಾಲಿಸಿ ಕೂರುತ್ತಿದ್ದ. ನೂರು ಸುತ್ತಾದಾಗ ಗದ್ದ ಅಲ್ಲಾಡಿಸುವನು. ದಾಯಮಿ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುವಳು. ಮೂರು ಸಂಜೆ, ಎಂಬತ್ತು ಗೀಟು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟು ಸುಖವಾದ ಸಂಜೆಗಳನ್ನು ಅವಳು ಕಂಡಿರಲಿಲ್ಲ. ‘ಅರವತ್ತೇಳು ವರ್ಷದ ಬೆರಳುಗಳು. ನಾನು ಇಡೀ ಪುಸ್ತಕಾಲಯದಲ್ಲಿ ಇಷ್ಟು ಎಚ್ಚರದಿಂದ ಯಾವುದನ್ನೂ ಓದಿಲ್ಲ’ ಎಂದು ಆ ರಾತ್ರಿ ಬರೆದುಕೊಂಡಳು.

ಓಟದ ಹಿಂದಿನ ದಿನ ಗಾಡಿ ಸಿದ್ಧವಾಗಿ ಗೋಡೆಗೆ ಒರಗಿತ್ತು. ಲಿಯೋ ಅದಕ್ಕೆ ಕೆಂಪು ಬಳಿದಿದ್ದ. ಎನೆಲಿಯಾ ಸೀಟಿಗೆ ಹಳೆಯ ಪರದೆಯಿಂದ ಕವಚ ಹೊಲಿದಿದ್ದಳು. ದಾಯಮಿ ಒಬ್ಬಳೇ ಇದ್ದಾಗ ಸುತ್ತ ಬಂದು ನೋಡಿದಳು. ಬಾಟಲಿಯ ಮುಚ್ಚಳ ಮಾತ್ರ ಮಸಿ ಹಿಡಿದು, ನೆತ್ತಿಯಲ್ಲಿ ಸುಟ್ಟ ಚುಕ್ಕೆಯಾಗಿ ವಿಕಾರವಾಗಿತ್ತು. ಯಾರದೋ ಸಿಗರೇಟು ತಗುಲಿರಬೇಕು ಎಂದುಕೊಂಡಳು. ಪುಸ್ತಕಾಲಯದ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಹೊಚ್ಚಹೊಸ ಕೆಂಪು ಮುಚ್ಚಳ ನೆನಪಾಯಿತು. ತಂದು ತಿರುಗಿಸಿದರೆ ಅಳತೆ ಮಾಡಿದಂತೆ ಕೂತಿತು. ಹಳೆಯದನ್ನು ಲಂಗದ ಜೇಬಿಗೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಎರಡೂ ಊರು ಕಾರ್ಖಾನೆಯ ಹೊರಗೋಡೆಯ ಸುತ್ತ ನೆರೆದವು. ಗೋಡೆ ಸುತ್ತಿ ಬರಲು ಒಂದೂವರೆ ಕಿಲೋಮೀಟರು, ಐದು ಸುತ್ತು. ಕಬ್ಬು ತೂಗುತ್ತಿದ್ದ ಕಟ್ಟೆಯ ಮೇಲೆ ಹೆಂಗಸರು. ಹೆದ್ದಾರಿಯ ಮೂಲೆಯಲ್ಲಿ ಶಿಳ್ಳೆ ಹಿಡಿದ ಕಾವಲು. ರಿಕಿಂಬಿಲಿ ಕಾನೂನಿಗೆ ವಿರುದ್ಧ; ಪೊಲೀಸರ ತಲೆ ಕಂಡು ಶಿಳ್ಳೆ ಬಿತ್ತೆಂದರೆ ಎಲ್ಲರೂ ಎಂಜಿನ್ ಆರಿಸಿ, ಮುಖ ಸಪ್ಪೆ ಮಾಡಿಕೊಂಡು ಪೆಡಲು ತುಳಿಯಬೇಕು.

ಓಟಕ್ಕೆ ಮುಂಚೆ ಪ್ರತಿ ಗಾಡಿ ಕಟ್ಟಿದವನೂ ತನ್ನ ಎಂಜಿನ್ನು ಹಿಂದಿನ ಜನ್ಮದಲ್ಲಿ ಏನಾಗಿತ್ತೆಂದು ಕೂಗಿ ಹೇಳುವುದು ರೂಢಿ. ಲಾ ಕಿಂತಾದ ಫಿಲಿಬೆರ್ತೋ ಎದೆ ಉಬ್ಬಿಸಿ ಮುಂದೆ ಬಂದ. “ನಂದು ಮರ ಕೊಯ್ಯೋ ಗರಗಸ! ಇವತ್ತು ಸಾನ್ ತೆಲ್ಮೋದವರ ಮೂಗು ಕೊಯ್ಯುತ್ತೆ!”

“ನಮ್ಮದು ಸೊಳ್ಳೆ ಓಡಿಸೋದು,” ಎಂದ ಮೇಸ್ತ್ರಿ ಟೋಪಿ ತೆಗೆದು. “ಲಾ ಕಿಂತಾದವರು ಸ್ವಲ್ಪ ದೂರ ನಿಲ್ಲಿ. ಅದಕ್ಕೆ ನಿಮ್ಮ ಗುರುತು ಸಿಕ್ಕೀತು.”

ನಗೆಯ ನಡುವೆ ಲಿಯೋ ಸೀಟು ಹತ್ತಿದ. “ಮೇಸ್ತ್ರಿ, ಎಲ್ಲಾ ಸರಿ, ಬ್ರೇಕ್ ಎಲ್ಲಿ?”

“ಕಾಲಿಗೆ ಚಪ್ಪಲಿ ಹಾಕಿದ್ಯಲ್ಲೋ, ಮತ್ತಿನ್ನೇನು?”

ಏಳು ಗಾಡಿಗಳು ಪೆಡಲು ತುಳಿಯುತ್ತ ಹೊರಟು, ಒಂದೊಂದಾಗಿ ಎಂಜಿನ್ ಚಾಲೂ ಆಗಿ ಅಬ್ಬರಿಸಿದವು. ಮೊದಲ ಸುತ್ತಿಗೇ ಕೆಂಪು ಗಾಡಿ ಎಲ್ಲರನ್ನೂ ಹಿಂದಿಕ್ಕಿತು. ಅದರ ಸದ್ದೇ ಬೇರೆ: ಉಳಿದವು ಕೆಮ್ಮುತ್ತಿದ್ದರೆ ಅದು ಒಂದೇ ಉಸಿರಿನಲ್ಲಿ ಹಾಡುತ್ತಿತ್ತು. ದಾಯಮಿಗೆ ಆ ಎಂಟು ಸಾವಿರ ಸುತ್ತುಗಳೂ ಒಟ್ಟಿಗೆ ಕೇಳಿಸಿದಂತಾಯಿತು. ಎನೆಲಿಯಾ ಬಿಳಿ ಬಟ್ಟೆ ಬೀಸುತ್ತ, “ಹಾರು ಲಿಯೋ! ಬ್ರೆಡ್ ಬೇಯೋ ಹೊತ್ತಿಗೆ ವಾಪಸ್ ಬಾ!” ಎಂದು ಕಿರುಚಿದಳು.

ಎರಡನೇ ಸುತ್ತಿನ ಕೊನೆಗೆ, ಸರಿಯಾಗಿ ಕಟ್ಟೆಯ ಎದುರಿಗೆ, ಹಾಡು ತೊದಲಿ ನಿಂತಿತು.

ಲಿಯೋ ಇಳಿದ. ಪೆಟ್ರೋಲು ಇದೆಯೇ ನೋಡಲು ಕೆಂಪು ಮುಚ್ಚಳ ತಿರುಗಿಸಿದ. ಎಲ್ಲರ ಕಣ್ಣೂ ಎಂಜಿನ್ನಿನ ಮೇಲಿದ್ದವು. ಬಾಟಲಿಯನ್ನು ನೋಡಿದವಳು ದಾಯಮಿ ಒಬ್ಬಳೇ. ಹಲ್ಲಿಲ್ಲದ ಮುದುಕಿಯ ಕೆನ್ನೆಯಂತೆ ಒಳಕ್ಕೆ ಸೇದಿಹೋಗಿದ್ದ ಅದರ ಎರಡೂ ಪಕ್ಕ, ಮುಚ್ಚಳ ಸಡಿಲವಾದದ್ದೇ ಉಸಿರೆಳೆದುಕೊಂಡು ಪಟಕ್ಕನೆ ಉಬ್ಬಿದವು. ಆ ಸುಟ್ಟ ಚುಕ್ಕೆ ಸಿಗರೇಟಿನದಲ್ಲ. ಪೆಟ್ರೋಲು ಇಳಿದ ಜಾಗಕ್ಕೆ ಗಾಳಿ ಹೋಗಲೆಂದು ಕಾಯಿಸಿದ ಮೊಳೆಯಿಂದ ಮೇಸ್ತ್ರಿ ಚುಚ್ಚಿದ ತೂತು. ತೂತಿಲ್ಲದ ಬಾಟಲಿ ಗಾಳಿಗಾಗಿ ಒದ್ದಾಡಿ, ಪೆಟ್ರೋಲನ್ನು ಬಿಗಿಹಿಡಿದಿತ್ತು.

ಹೇಳಬೇಕು. ಈಗಲೇ ಕೂಗಬೇಕು. ಬಾಯಿ ತೆರೆದಳು ಕೂಡ. ಸುತ್ತ ಇನ್ನೂರು ಮುಖ. ಅಷ್ಟರಲ್ಲಿ ಲಿಯೋ ಮುಚ್ಚಳ ಬಿಗಿಮಾಡಿ ಮತ್ತೆ ಓಡಿಸಿಕೊಂಡು ಹೋಗಿಯೇಬಿಟ್ಟ. ಒಂದೂವರೆ ಸುತ್ತು ಹಾರಿ, ಆಚೆ ಗೋಡೆಯ ಹಿಂದೆ ಗಾಡಿ ಮತ್ತೆ ಸತ್ತಿತು. ಗೆದ್ದದ್ದು ಗರಗಸ.

ಮೇಸ್ತ್ರಿ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದ. “ತಣ್ಣಗಿದ್ದಾಗ ಓಡುತ್ತೆ. ಕಾದ ಮೇಲೆ ಸಾಯುತ್ತೆ,” ಎಂದ. “ಸುರುಳಿ. ಒಳಗೆಲ್ಲೋ ಎಳೆ ಮೇಲೆ ಎಳೆ ಹತ್ತಿದೆ. ನನ್ನ ಬೆರಳಿಗೆ ಗೊತ್ತೇ ಆಗಿಲ್ಲ.”

ಆ ಸಂಜೆ ಯಾರೂ ಇಲ್ಲದಾಗ ದಾಯಮಿ ಹಳೆಯ ಮುಚ್ಚಳವನ್ನೇ ಮತ್ತೆ ತಿರುಗಿಸಿಟ್ಟಳು. ತಪ್ಪು ಸರಿಯಾಯಿತೆಂದುಕೊಂಡಳು. ಆದರೆ ಮೇಸ್ತ್ರಿ ಗಾಡಿಯನ್ನು ಮುಟ್ಟಲೇ ಇಲ್ಲ. ಸೋಮವಾರ ಸುರುಳಿಯನ್ನು ಕಿತ್ತು ಜಗಲಿಯಲ್ಲಿಟ್ಟ. ಮಂಗಳವಾರ, ನೀರೆತ್ತುವ ಪಂಪು ತಂದವನನ್ನು “ಬೇರೆಯವರನ್ನ ನೋಡಪ್ಪಾ” ಎಂದು ಕಳಿಸಿದ. ಬುಧವಾರ ಎನೆಲಿಯಾ ಕೊಟ್ಟ ಕಾಫಿ ಅವನ ಮುಂದೆಯೇ ಆರಿ, ಅದರಲ್ಲಿ ನೊಣ ಬಿತ್ತು. ಗುರುವಾರ ಸಂಜೆ ಸುತ್ತುಚಕ್ರವನ್ನು ಒರೆಸಿ, ಎಣ್ಣೆ ಬಿಟ್ಟು, ಫಿಲಿಬೆರ್ತೋನನ್ನು ಕರೆಸಿದ.

ಫಿಲಿಬೆರ್ತೋ ಬಂದವನು ಚಕ್ರವನ್ನು ಕಂಡು ಟೋಪಿ ತೆಗೆದ. ಭಾನುವಾರದ ಜಂಬ ಎಲ್ಲಿಯೂ ಇರಲಿಲ್ಲ.

“ಮೇಸ್ತ್ರಿ, ತಮಾಷೆ ಮಾಡ್ತಿದೀರಾ? ಇದನ್ನ ನಾನ್ಯಾಕೆ ತಗೊಂಡು ಹೋಗ್ಲಿ?”

“ನಿನಗೆ ಕೈ ಇದೆ. ನನ್ನದು ಮುಗೀತು.”

“ಒಂದು ಓಟ ಸೋತ್ರೆ ಕೈ ಮುಗಿಯುತ್ತಾ? ಹಂಗಾದ್ರೆ ನಂದು ಒಂಬತ್ತು ವರ್ಷದ ಹಿಂದೇ ಮುಗೀಬೇಕಿತ್ತು.”

“ಅದನ್ನೇ ನಾನೂ ಹೇಳ್ತಿರೋದು,” ಎಂದ ಲಿಯೋ ಬಾಗಿಲ ಬಳಿಯಿಂದ. “ನೀನಾದ್ರೂ ಹೇಳು ಇವರಿಗೆ. ನಾನು ಹೇಳಿ ಹೇಳಿ ಬ್ರೆಡ್ಡೇ ಸೀದು ಹೋಯ್ತು.”

“ಹಟಮಾರಿ ಕತ್ತೆ ಇದು,” ಎಂದಳು ಎನೆಲಿಯಾ. ಅವಳ ದನಿ ಮಾತ್ರ ಯಾವತ್ತಿನಂತಿರಲಿಲ್ಲ. “ರಿಪೇರಿ ಇಲ್ದೆ ಮನೇಲಿ ಕೂತು ಏನ್ ಮಾಡ್ತೀಯೋ? ನನ್ನ ಮಾತು ಕೇಳ್ತೀಯಾ? ಸತ್ತೇ ಹೋಗ್ತೀಯ.”

ಮೇಸ್ತ್ರಿ ನಕ್ಕ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ, ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡ. “ಕಣ್ಣು ಮಂಜಾಗಿ ಹತ್ತು ವರ್ಷ ಆಯ್ತು ಫಿಲಿಬೆರ್ತೋ. ಯಾರಿಗೂ ಹೇಳಿರಲಿಲ್ಲ. ಬೆರಳಿದೆಯಲ್ಲ ಅಂದ್ಕೊಂಡಿದ್ದೆ. ಅದೂ ಸುಳ್ಳು ಹೇಳೋಕೆ ಶುರು ಮಾಡಿದ್ಮೇಲೆ, ನಾನು ಕಟ್ಟಿದ ಗಾಡಿ ಮೇಲೆ ಯಾರನ್ನ ನಂಬಿ ಕೂರಿಸ್ಲಿ?”

ಮೇಸ್ತ್ರಿ ಅಂಗಳದ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದವಳ ಕಡೆ ತಿರುಗಿದ. “ದಾಯಮಿ, ಆ ಗೀಟು ಹಾಕಿದ ಪುಟಾನೂ ಇವನಿಗೆ ಕೊಡು ಮಗಳೇ. ಎಣಿಕೆ ತಪ್ಪಿಲ್ಲ, ಅದನ್ನ ಎಣಿಸಿದವಳು ನೀನು. ತಪ್ಪಿದ್ದು ನನ್ನ ಕೈ.”

ಫಿಲಿಬೆರ್ತೋ ಒಲ್ಲದ ಮನಸ್ಸಿನಿಂದ ಬಗ್ಗಿ ಚಕ್ರದ ಚೌಕಟ್ಟಿಗೆ ಕೈ ಹಾಕಿದ. ದಾಯಮಿಗೆ ತಾನು ಎದ್ದು ನಿಂತದ್ದು ತಿಳಿಯಲಿಲ್ಲ. ನೋಟ್‌ಬುಕ್ಕು ಮಡಿಲಿನಿಂದ ಜಾರಿ ಬಿತ್ತು. ಗಂಟಲಿನಿಂದ ಹೊರಟ ದನಿ ತನ್ನದೆನ್ನಿಸದಷ್ಟು ಗಟ್ಟಿಯಾಗಿತ್ತು.

“ಅಲ್ಲೇ ಇಡಿ ಅದನ್ನ! ಸುರುಳಿ ಸರಿಯಾಗಿದೆ ಮೇಸ್ತ್ರಿ. ಬಾಟಲಿ ಮುಚ್ಚಳಕ್ಕೆ ತೂತಿರಲಿಲ್ಲ. ನಾನು ಬೇರೆ ಹಾಕಿದ್ದೆ. ಕೆಂಪು ಬಣ್ಣದ್ದು. ಆಮೇಲೆ ಹಳೇದು ವಾಪಸ್ ಹಾಕ್ದೆ.”

ಲಿಯೋ ಹಣೆ ಚಚ್ಚಿಕೊಂಡ. “ಅಯ್ಯೋ, ನನ್ನ ಕೈಯಾರೆ ತೆಗೆದು ಹಾಕಿದ್ನಲ್ಲ! ಕಣ್ಣೇನು ಒಲೆಯಲ್ಲಿಟ್ಟಿದ್ನಾ?” ಫಿಲಿಬೆರ್ತೋ ಚೌಕಟ್ಟಿನಿಂದ ಕೈ ತೆಗೆದ. ಮೇಸ್ತ್ರಿ ಜಗಲಿಯ ಮೇಲಿದ್ದ ಸುರುಳಿಯನ್ನು ಮೆಲ್ಲಗೆ ಎತ್ತಿಕೊಂಡು, ಕಣ್ಣು ಮುಚ್ಚಿ, ಅದರ ಮೈಮೇಲೆಲ್ಲ ಹೆಬ್ಬೆರಳಾಡಿಸಿದ.

“ಹುಚ್ಚು ಹುಡುಗೀ,” ಎನೆಲಿಯಾ ಮಗಳ ರಟ್ಟೆ ಹಿಡಿದಳು. “ಚೆನ್ನಾಗಿದ್ದ ಮುಚ್ಚಳಾನ ಯಾಕೆ ತೆಗೆಯೋಕೆ ಹೋದೆ?”

ಹಳೆಯದು ಕೊಳಕಾಗಿತ್ತು ಎಂದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು. ದಾಯಮಿ ಮೇಸ್ತ್ರಿಯ ಕಡೆ ನೋಡಿದಳು.

“ಅಷ್ಟು ಚಂದದ ಗಾಡಿ ಮೇಲೆ, ನಂದೂ ಒಂದು ಏನಾದ್ರೂ ಇರ್ಲಿ ಅಂತ ಆಸೆಯಾಯ್ತು.”