ಗಿಲ್‌ಕ್ರಿಸ್ಟರ ತಿಥಿ

ಯಾರಿಗೂ ಹೇಳಿರಲಿಲ್ಲ, ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೆ: ಮೇಲ್ ಕಳಿಸುವ ಮುಂಚೆ ನಾಲ್ಕು ಸಾಲು ಅಳಿಸಿಬಿಟ್ಟೆ. ಬಹಳ ಉದ್ದವಾಯಿತು, ಓದುವವರಿಗೆ ಬೇಸರವಾದೀತು ಎಂಬ ಸಂಕೋಚ, ಅಷ್ಟೇ. ಆ ಸಾಲುಗಳು ಹೋದ ಮೇಲೆ ಮೇಲ್‌ನಲ್ಲಿ ಒಂದೆರಡು ಪದ ಬಿಟ್ಟರೆ ಉಳಿದದ್ದು ಒಂದು ತಾರೀಖು. 17 ಸೆಪ್ಟೆಂಬರ್ 1887, ಶನಿವಾರ.

ಅದು ಆರ್ಚಿಬಾಲ್ಡ್ ಗಿಲ್‌ಕ್ರಿಸ್ಟ್ ಎಂಬುವರು ಸತ್ತ ದಿನ. ಹಾಗೆಂದು ಇಬ್ಬರು ನಂಬಿದ್ದರು: ಹೊಸಪೇಟೆಯಲ್ಲಿ ನಮ್ಮ ದೊಡ್ಡಪ್ಪ ಪುರಂದರಾಚಾರ್ಯರು, ಸ್ಕಾಟ್ಲೆಂಡಿನಲ್ಲಿ ಇಷಬೆಲ್ ಎಂಬ ಎಂಬತ್ತೊಂದು ವರ್ಷದ ಅಜ್ಜಿ.

ಗಿಲ್‌ಕ್ರಿಸ್ಟರು ಇಷಬೆಲ್‌ರ ಮುತ್ತಜ್ಜ. ಈ ಕಡೆ ರೈಲು ಹಳಿ ಹಾಕಿಸಲು ಬಂದವರು. 1887ರ ಆಗಸ್ಟಿನಲ್ಲಿ ಹೊಸಪೇಟೆಯಿಂದ ಹೆಂಡತಿಗೆ ಕೊನೆಯ ಕಾಗದ ಬರೆದಿದ್ದರು: ಜ್ವರ ಬಂದಿದೆ, ಸಂಡೂರಿನ ಬೆಟ್ಟಕ್ಕೆ ಹೋಗುತ್ತೇನೆ, ಅಲ್ಲಿ ಗಾಳಿ ಒಳ್ಳೆಯದಂತೆ. ಆಮೇಲೆ ಸುದ್ದಿಯಿಲ್ಲ. ಇಷಬೆಲ್ ಒಂಬತ್ತು ವರ್ಷ ಸ್ಕಾಟ್ಲೆಂಡಿನ ಮರಣ ನೋಂದಣಿ, ಚರ್ಚಿನ ಪುಸ್ತಕ, ಹೊರದೇಶದಲ್ಲಿ ಸತ್ತವರ ಪಟ್ಟಿ ಎಲ್ಲ ಜಾಲಾಡಿದ್ದರು. ಕೊನೆಗೆ ಅಂತರ್ಜಾಲದಲ್ಲಿ ವಂಶ ಹುಡುಕುವವರ ಗುಂಪೊಂದರಲ್ಲಿ ಕೇಳಿಕೊಂಡಿದ್ದರು. ಇತಿಹಾಸದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದ ನಾನು, ಶ್ರೀಪ್ರಿಯಾ, "ನಾನು ಹೊಸಪೇಟೆಯವಳು" ಎಂದು ಉತ್ತರ ಹಾಕಿದ್ದೆ. ಎದುರಿಗೆ ಯಾರೂ ಇಲ್ಲದಿದ್ದರೆ ನನಗೂ ಧೈರ್ಯವಿದೆ.

ದೊಡ್ಡಪ್ಪನ ಜೊತೆ ಬೆಟ್ಟಕ್ಕೂ ಹೋಗಿಬಂದೆ. ಯಶವಂತನಗರದ ಜೀಪಿನ ಪಂಪೇಶ್ ಮುಳ್ಳುಕಂಟಿ ಸರಿಸಿ ಬ್ರಿಟಿಷ್ ದೊರೆಗಳ ಕಾಲದ ಸಮಾಧಿಗಳನ್ನು ತೋರಿಸಿದ.

"ಹೆಸರು ಅಳಿಸಿದ್ವು ಐದ್ ಅದಾವ್ರಿ. ಯಾವ್ದ್ ಬೇಕೋ ಆರಿಸ್ಕೊಳ್ರಿ."

"ಆರಿಸ್ಕೊಳ್ಳಿಕ್ಕೆ ಇವೇನು ಬದನೇಕಾಯೇನಪಾ?" ಎಂದರು ದೊಡ್ಡಪ್ಪ.

"ಹಂಗಲ್ರಿ, ದೂರದಿಂದ ಬಂದೀರಿ, ಬರಿಗೈಲಿ ಹೋಗಬಾರ್ದಂತ ಅಂದೆ."

ಬರಿಗೈಯಲ್ಲೇ ಬಂದೆವು. ದೊಡ್ಡಪ್ಪನಿಗೆ ಅದು ಸಹನೆಯಾಗಲಿಲ್ಲ. ಮೂವತ್ತಾರು ವರ್ಷ ಸರ್ಕಾರಿ ಗುಮಾಸ್ತರಾಗಿದ್ದವರು. ಖಾಲಿ ಕಾಲಂ ಕಂಡರೆ ಅವರಿಗೆ ಊಟ ಸೇರುವುದಿಲ್ಲ.

"ಸತ್ತ ತಿಥಿ ಗೊತ್ತಿಲ್ಲ, ಅಷ್ಟಽ ಹೌದಿಲ್ಲೇ? ಅದಕ್ಕ್ಯಾಕ ಇಷ್ಟು ಒದ್ದಾಟ? ತಿಥಿ ಗೊತ್ತಿಲ್ದವ್ರಿಗೆಲ್ಲಾ ಮಹಾಲಯ ಅಮಾವಾಸ್ಯೆ ಅದ."

"ಅದು ಶ್ರಾದ್ಧಕ್ಕಲ್ಲೇನು ದೊಡ್ಡಪ್ಪಾ?"

"ಮತ್ತ ಶ್ರಾದ್ಧಾ ಯಾವತ್ತು ಮಾಡ್ತಾರ? ಸತ್ತ ದಿನಾನಽ!" ಹಳೆಯ ಪಂಚಾಂಗದ ಗಂಟು ಬಿಚ್ಚಿ ಲೆಕ್ಕ ಹಾಕಿದರು. "ಸರ್ವಜಿತು ಸಂವತ್ಸರ, ಭಾದ್ರಪದ ಅಮಾವಾಸ್ಯೆ. ಸೆಪ್ಟೆಂಬರ್ ಹದಿನೇಳು. ಜ್ವರ ಬಂದು ಒಂದು ತಿಂಗಳು. ಹೆಂಗ ಕೂಡ್ತು ನೋಡು! ಗೋತ್ರಾನೂ ಬರಕೋ. ಗೊತ್ತಿಲ್ದವ್ರಿಗೆ ಕಾಶ್ಯಪ."

ನಾನು ಅಳಿಸಿದ ನಾಲ್ಕು ಸಾಲಿನಲ್ಲಿದ್ದದ್ದು ಇದೇ ವಿವರಣೆ. ಅವರು ಪಕ್ಕದಲ್ಲೇ ನಿಂತಿದ್ದರಿಂದ ಗೋತ್ರವನ್ನು ಮಾತ್ರ ಅಳಿಸಲಾಗಲಿಲ್ಲ.

ಮರುದಿನವೇ ಇಷಬೆಲ್‌ರ ಉತ್ತರ ಬಂತು. ಅಡುಗೆಮನೆಯಲ್ಲಿ ಕೂತು ಅತ್ತರಂತೆ. ಕೊನೆಯಲ್ಲಿ ಒಂದು ಪ್ರಶ್ನೆ: ಕಾಶ್ಯಪ ಗೋತ್ರ ನಕ್ಷೆಯಲ್ಲಿ ಸಿಗುತ್ತಿಲ್ಲ, ಹೊಸಪೇಟೆಯಿಂದ ಎಷ್ಟು ಮೈಲಿ?

"ಭಾಳ ದೂರ ಅಂತ ಬರಿ," ಎಂದರು ದೊಡ್ಡಪ್ಪ.

ನಾನು ಏನೂ ಬರೆಯಲಿಲ್ಲ.

ಅಷ್ಟರಲ್ಲಿ ಈ ವರ್ಷದ ಮಹಾಲಯ ಬಂತು. ಆಪ್ತರ ಪಟ್ಟಿಯಲ್ಲಿ ಗಿಲ್‌ಕ್ರಿಸ್ಟರನ್ನೂ ಸೇರಿಸುವುದೆಂದಾಯಿತು. ದೊಡ್ಡಮ್ಮ ಕೃಷ್ಣಾಬಾಯಿಗೆ ಬೇರೆಯೇ ಚಿಂತೆ.

"ಅವ್ರು ಆಲೂಗಡ್ಡೆ ಭಾಳ ತಿಂತಾರಂತ. ಶ್ರಾದ್ಧಕ್ಕ ಆಲೂಗಡ್ಡೆ ಬರಂಗಿಲ್ಲಲ್ಲಾ!"

"ಯಾಕ ಬರಂಗಿಲ್ಲ? ಅದು ಪರದೇಶದ ಕಾಯಿಪಲ್ಯಾ ಅಂತ. ಅವಗ ಅದು ಪರದೇಶದ್ದೇನು?"

"ಹಂಗಂದ್ರ ಅವಗ ಬಾಳೆಕಾಯಿ ಪರದೇಶದ್ದಾತು. ಹಾಗಲಕಾಯೀನೂ ಆತು. ಎಲಿಮ್ಯಾಲೆ ಬರೇ ಆಲೂಗಡ್ಡೆ ಇಡ್ಲೇನು?"

ಎರಡು ದಿನ ವಾದ ನಡೆದು, ಒಂದೇ ಒಂದು ಬೇಯಿಸಿದ ಆಲೂಗಡ್ಡೆಯನ್ನು ಎಲೆಯ ಹೊರಗೆ, ಎಲೆಗೆ ತಾಗದಂತೆ ಇಡುವುದೆಂದು ತೀರ್ಮಾನವಾಯಿತು. ಕಾಗೆ ಮೊದಲು ಅದನ್ನೇ ಎತ್ತಿಕೊಂಡು ಹೋಯಿತು. "ನೋಡಿದ್ಯೇನು, ಅವನಽ!" ಎಂದು ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು.

ಅವತ್ತೇ ಇಷಬೆಲ್‌ರಿಂದ ಇನ್ನೊಂದು ಮೇಲ್ ಬಂತು. ನಮ್ಮೂರಿನ ಚರ್ಚಿನಂಗಳದಲ್ಲಿ ನಮ್ಮ ಮನೆತನದ ಸಮಾಧಿ ಕಲ್ಲಿದೆ, ಅದರಲ್ಲಿ ಮುತ್ತಜ್ಜನ ಮರಣದ ಜಾಗ ಖಾಲಿಯಿದೆ, ಗುರುವಾರ ಕೆತ್ತಿಸುತ್ತಿದ್ದೇನೆ, ನೀವೆಲ್ಲ ವಿಡಿಯೋದಲ್ಲಿ ಇರಲೇಬೇಕು.

ನಿಜ ಹೇಳಿ ಮೂರು ಮೇಲ್ ಬರೆದೆ. ಮೂರನ್ನೂ ಅಳಿಸಿದೆ. ಅಡುಗೆಮನೆಯಲ್ಲಿ ಕೂತು ಅತ್ತವರಿಗೆ ಹೇಗೆ ಹೇಳುವುದು?

ಗುರುವಾರ ನಾಲ್ಕು ಗಂಟೆಗೆ ದೊಡ್ಡಪ್ಪ ಮುದ್ರೆ, ಅಂಗಾರ ಹಚ್ಚಿಕೊಂಡು, ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತರು. ಆ ಕಡೆ ಮಳೆಯಂಗಿ ತೊಟ್ಟ ಇಷಬೆಲ್ ಕೈಬೀಸಿ, ಫೋನನ್ನು ಕಲ್ಲಿನ ಕಡೆ ತಿರುಗಿಸಿದರು. ಗಿಲ್‌ಕ್ರಿಸ್ಟರ ಹೆಸರು, ಹುಟ್ಟಿದ ದಿನ, ಆಮೇಲೆ ನಾಲ್ಕು ಬೆರಳಿನಷ್ಟು ನುಣುಪಾದ ಜಾಗ. ಕಲ್ಲುಕುಟಿಗ ಅಲ್ಲಿ ಸೀಮೆಸುಣ್ಣದಲ್ಲಿ ನನ್ನ ತಾರೀಖನ್ನು ಬರೆದಿಟ್ಟಿದ್ದ. ಕೆಳಗೆ ಸಣ್ಣದಾಗಿ: ಕಾಶ್ಯಪ ಗೋತ್ರದಲ್ಲಿ.

"ಖಚಿತವಾಗಿ ತಿಳಿಯುವವರೆಗೆ ಅಲ್ಲಿ ಏನನ್ನೂ ಕೆತ್ತಬೇಡಿ ಎಂದು ಮುತ್ತಜ್ಜಿ ಹೇಳಿದ್ದಳಂತೆ," ಎಂದರು ಇಷಬೆಲ್ ಇಂಗ್ಲಿಷಿನಲ್ಲಿ. "ಅಜ್ಜಿ ಕೆತ್ತಿಸಲಿಲ್ಲ. ಅಮ್ಮನೂ ಕೆತ್ತಿಸಲಿಲ್ಲ. ನೀನು ಸಿಕ್ಕಿದ್ದರಿಂದ ಇವತ್ತು ನಾನು ಕೆತ್ತಿಸುತ್ತಿದ್ದೇನೆ, ಮಗಳೇ."

"ಏನಂತಾಳ?" ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದರು.

"ಗೊತ್ತಾಗೋ ತನಕ ಖಾಲಿ ಬಿಟ್ಟಿದ್ರಂತ. ಮೂರು ತಲಿ."

"ಅಯ್ಯ ಪಾಪ, ಹೇಳಿಕೊಡೋವ್ರು ಯಾರೂ ಇರಲಿಲ್ಲೇನೋ."

ಕಲ್ಲುಕುಟಿಗ ಉಳಿಯನ್ನು ಒಂದರ ಅಂಕಿಯ ತುದಿಗೆ ಇಟ್ಟ. ಸುತ್ತಿಗೆ ಎತ್ತಿದ.

"ನಿಲ್ಲಿಸಿ," ಎಂದೆ. ಯಾರೂ ನಿಲ್ಲಿಸಲಿಲ್ಲ. ಇಷಬೆಲ್ ನಗುತ್ತಾ ಮತ್ತೊಮ್ಮೆ ಕೈಬೀಸಿದರು. ಎಂದಿನ ಅಭ್ಯಾಸದಂತೆ ಮೈಕ್ ಮುಚ್ಚಿಟ್ಟಿದ್ದೆ.

ಮೈಕ್ ತೆರೆದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ದೊಡ್ಡಮ್ಮ ಬೆಚ್ಚಿ ನನ್ನ ಮೊಣಕೈ ಹಿಡಿದುಕೊಂಡರು.

"ಕೆತ್ತಬೇಡಿ! ಅದು ಅವರು ಸತ್ತ ದಿನವಲ್ಲ. ದಿನ ಗೊತ್ತಿಲ್ಲದವರಿಗೆಲ್ಲ ನಾವು ಇಲ್ಲಿ ಕೊಡುವ ದಿನ ಅದು. ಅವರು ಯಾವತ್ತು ಸತ್ತರೋ, ಎಲ್ಲಿ ಸತ್ತರೋ, ನನಗೆ ಗೊತ್ತಿಲ್ಲ."