ಬೆಳಿಗ್ಗೆ ಮಾತ್ರ ಕೂಗುವ ಕಾರು

ಗೇಟಿನ ಪಕ್ಕದ ನಲ್ಲಿಯ ಕೆಳಗೆ ಮೆಕ್ಯಾನಿಕ್ ಮತ್ತೆ ಕಾಲು ತೊಳೆಯುತ್ತಿದ್ದ. ಹಿಮ್ಮಡಿಯ ಬಿರುಕಿನಲ್ಲಿ ಕೂತ ಗ್ರೀಸು ಇವತ್ತು ನಿನ್ನೆಯದೇ? ಬರೀ ಹೆಬ್ಬೆರಳಿನಿಂದ ಉಜ್ಜಿದರೆ ಹೋಗುವುದಾಗಿದ್ದರೆ ಎಂದೋ ಹೋಗಿರುತ್ತಿತ್ತು. ಆದರೂ ಉಜ್ಜುತ್ತಲೇ ಇದ್ದ. ಒಳಗೆ ನಡುಮನೆಯಲ್ಲಿ ಅವನ ಅಣ್ಣನನ್ನು ಮಲಗಿಸಿದ್ದರು.

"ಸಾಕು ಬಾರಪ್ಪ," ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕರೆದಳು. "ಎಷ್ಟು ತೊಳೀತೀಯ? ಬೈಯೋರು ಇನ್ಯಾರಿದ್ದಾರೆ?"

"ಬಂದೆ ಅತ್ತಿಗೆ."

ಬಂದೆ ಅಂದನೇ ಹೊರತು ಹೊಸ್ತಿಲ ಮುಂದೆ ನಿಂತುಬಿಟ್ಟ. ಈ ಮನೆ ಕಟ್ಟಿದ ಮೇಲೆ ಅವನು ಒಮ್ಮೆಯೂ ಅದನ್ನು ದಾಟಿದವನಲ್ಲ. ಕೊನೆಗೆ ಅತ್ತಿಗೆಯೇ ಬಂದು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಅಣ್ಣನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದರು. ಆಯುಸ್ಸೆಲ್ಲ ಔಷಧದಂಗಡಿಯ ಕೌಂಟರಿನ ಹಿಂದೆ ಬಿಳಿ ಅಂಗಿಯಲ್ಲೇ ನಿಂತ ಮನುಷ್ಯ. ಅದರ ಮೇಲೆ ಒಂದು ಚುಕ್ಕೆ ಸಾರು ಬಿದ್ದರೂ ಊಟ ಬಿಟ್ಟು ಏಳುತ್ತಿದ್ದ. ತಮ್ಮ ಅವನ ಪಕ್ಕ ಕೂತು, ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಲು ಕೈ ಚಾಚಿದ. ತನ್ನ ಉಗುರುಗಳನ್ನು ನೋಡಿಕೊಂಡು ಕೈ ಹಿಂದಕ್ಕೆ ತೆಗೆದ.

"ಮೆಕ್ಯಾನಿಕ್ ತಮ್ಮ ಅಂದ್ರೆ ನೀವೇನಾ?" ಪಕ್ಕದ ಮನೆಯ ಟೈಲರ್ ಹತ್ತಿರ ಸರಿದು ಮೆಲ್ಲಗೆ ಕೇಳಿದ. "ಬೇಜಾರು ಮಾಡ್ಕೋಬೇಡಿ, ನಿಮ್ಮಣ್ಣನ ಕಾರು ಕಿರುಚಿದ ಮೇಲೇನೇ ನಮ್ಮನೇಲಿ ಹಾಲು ಕಾಯಿಸೋಕಿಡ್ತಿದ್ದಿದ್ದು. ತಮ್ಮಂಗೆ ತೋರಿಸಬಾರದೇನ್ರೀ ಅಂತ ಕೇಳಿದ್ರೆ, 'ಅವನಂಥ ಮೆಕ್ಯಾನಿಕ್ ಇಲ್ಲ ಕಣ್ರೀ, ಆದ್ರೆ ಕಾಯಿಲೆ ಇರೋದು ಇಲ್ಲಿ, ಡಾಕ್ಟರ್ ಇರೋದು ಅಲ್ಲಿ' ಅಂತ ನಗೋರು."

ಮೆಕ್ಯಾನಿಕ್ ನಗಲು ಹೋದ. ಆಗಲಿಲ್ಲ.

*

ನಡೆದದ್ದು ಇಷ್ಟೇ. ಅಣ್ಣ ಹೊಸ ಮನೆಗೆ ಬಂದ ದಿನ, ತಮ್ಮ ಶೆಡ್ಡಿನಿಂದ ನೇರ ಓಡಿ ಬಂದಿದ್ದ. ಅತ್ತಿಗೆಯ ತವರಿನವರೆಲ್ಲ ನಡುಮನೆಯಲ್ಲಿ ಕೂತಿದ್ದರು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಏಯ್, ಅಲ್ಲೇ ನಿಲ್ಲೋ! ಆ ಕಾಲಲ್ಲಿ ಒಳಗೆ ಬರ್ಬೇಡ!" ಎಂದು ಅಣ್ಣ ಕೂಗಿದ. ಯಾರೋ ಕಿಸಕ್ಕೆಂದರು. ತಮ್ಮ ಹೊಸ್ತಿಲಿಂದಲೇ ತಿರುಗಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗೆ. ಒಂದು ಹಿಡಿ ಸೋಪಿನ ಪುಡಿಯಲ್ಲಿ ತೊಳೆದುಹೋಗಬೇಕಾಗಿದ್ದ ಜಗಳ, ಇಬ್ಬರು ಜಗಮೊಂಡರ ಕೈಗೆ ಸಿಕ್ಕಿ ವರ್ಷಗಟ್ಟಲೆ ಬೆಳೆಯಿತು.

ಆಮೇಲೆ ಅಣ್ಣನ ಹಳೆಯ ಕಾರಿಗೆ ಆ ಕೂಗು ಶುರುವಾಯಿತು. ರಜೆ ಬಂದರೆ ಸಾಕು, ಶೆಡ್ಡಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಅಲ್ಲಿ ಬಂದರೆ ಕಾರಿಗೆ ಬಾಯಿ ಕಟ್ಟುತ್ತಿತ್ತು. ತಮ್ಮ ಬೆಲ್ಟು ಬಿಗಿ ಮಾಡಿದ. ಹೊಸ ಬೆಲ್ಟು ಹಾಕಿದ. ಅದನ್ನೂ ತೆಗೆದು ಇನ್ನೊಂದು ಹಾಕಿದ. ಪುಲ್ಲಿಯ ಬೇರಿಂಗ್ ಬದಲಾಯಿಸಿದ, ಡೈನಮೊ ಬಿಚ್ಚಿ ಕಟ್ಟಿದ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ಇಲ್ಲಿ ಕೂಗಲ್ಲ ಕಣೋ," ಅನ್ನುತ್ತಿದ್ದ ಅಣ್ಣ, ಕರ್ಚೀಫು ಹಾಸಿದ ಸ್ಟೂಲಿನ ಮೇಲೆ ಕೂತು. "ಬೆಳಿಗ್ಗೆ ಮನೇಲಿ ಸ್ಟಾರ್ಟ್ ಮಾಡ್ದಾಗ ಮಾತ್ರ. ಒಂದ್ಸಲ ಬಂದು ಕೇಳೋ."

"ಫೋನಲ್ಲಿ ಕೇಳಿಸು."

"ಫೋನಲ್ಲಿ ಕೇಳೋ ಶಬ್ದ ಅಲ್ಲ ಅದು."

"ಹಾಗಾದ್ರೆ ಇನ್ನೊಂದು ಬೆಲ್ಟ್ ಹಾಕ್ತೀನಿ, ಬಿಡು."

ಬಾನೆಟ್ಟಿನ ಅಂಚಿನಲ್ಲಿ ಯಾವಾಗಲೂ ಒಂದು ಕೆಮ್ಮಣ್ಣಿನ ಗೆರೆ ಇರುತ್ತಿತ್ತು. ಅಂಗಿಗೆ ಚುಕ್ಕೆ ಬಿದ್ದರೆ ಸಹಿಸದವನು ಕಾರಿನ ಮೇಲೆ ಇದನ್ನು ಹೇಗೆ ಬಿಟ್ಟುಕೊಂಡ ಎಂದು ಒಮ್ಮೆಯೂ ಯೋಚಿಸದೆ, ತಮ್ಮ ಪ್ರತಿಸಲವೂ ಅದನ್ನು ಒರೆಸಿ ಹಾಕುತ್ತಿದ್ದ.

*

ಹೊರಡುವ ಹೊತ್ತಾಯಿತು. ಅಣ್ಣನನ್ನು ವ್ಯಾನಿಗೆ ಏರಿಸಿದರು. ಅತ್ತಿಗೆ ಕಾರಿನ ಕೀಲಿ ತಂದು ಮೈದುನನ ಕೈಗೆ ಕೊಟ್ಟಳು. "ನೀನೇ ಓಡಿಸಪ್ಪ. ನಾನು ಇದರಲ್ಲೇ ಬರ್ತೀನಿ."

ಅವನು ಸ್ಟಾರ್ಟ್ ಮಾಡಿದ. ಕಾರು ಕಿರುಚಿತು.

ಅಬ್ಬಾ, ಅದೆಂಥ ಕೂಗು! ಗೇಟಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಮೆಕ್ಯಾನಿಕ್ ಎಂಜಿನ್ ಆರಿಸಿ, ಇಳಿದು ಬಾನೆಟ್ ಎತ್ತಿದ. ಬೆಲ್ಟು ಒದ್ದೆಯಾಗಿತ್ತು. ಹಳೆಯ ಗುದ್ದಿನಿಂದ ಬಾನೆಟ್ಟಿನ ಅಂಚು ಸೊಟ್ಟಗಾಗಿದ್ದ ಕಡೆ ಮಣ್ಣುನೀರು ಒಳಗಿಳಿದು, ಪುಲ್ಲಿಯ ಕಚ್ಚುಗಳಲ್ಲೆಲ್ಲ ಕೆಸರು ಕೂತಿತ್ತು. ಅಷ್ಟರಲ್ಲಿ ಅವನ ಕತ್ತಿನ ಮೇಲೆ ಟಪ್ಪೆಂದು ತಣ್ಣಗೆ ಏನೋ ಬಿತ್ತು. ತಲೆಯೆತ್ತಿದ. ಮೇಲೆ ಬಾಲ್ಕನಿಯ ಅಂಚಿನಲ್ಲಿ ಒಂದು ದೊಡ್ಡ ಹೂಕುಂಡ. ಅದರ ತಳದ ತೂತಿನಲ್ಲಿ ಇನ್ನೊಂದು ಹನಿ ತುಂಬಿಕೊಳ್ಳುತ್ತಿತ್ತು.

ರಾತ್ರಿಯೆಲ್ಲ ಹನಿದ ನೀರು, ಬೆಳಿಗ್ಗೆ ಕೂಗು. ಶೆಡ್ಡಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿಗೆ ಒಣಗಿ ಮೌನ. ಕುಂಡವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಈ ಅಂಗಳಕ್ಕೆ ಒಂದು ಸಲ ಬಂದಿದ್ದರೆ ಸಾಕಿತ್ತು.

"ಅತ್ತಿಗೆ, ಆ ಕುಂಡಕ್ಕೆ ನೀರು ಹಾಕಿದ್ದು ಯಾರು?"

"ನಿಮ್ಮಣ್ಣನೇ. ನಿನ್ನೆ ಸಂಜೆ ನೀರು ಹಾಕಿ ಬಂದು ಕುರ್ಚಿ ಮೇಲೆ ಕೂತರು. ಆಮೇಲೆ ಏಳಲೇ ಇಲ್ಲ." ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾರಿನ ಮೇಲೆ ಸೋರತ್ತೆ ಅಂತ ನಾನೇ ಒಂದಿನ ಅದನ್ನ ಆ ಕಡೆ ಎತ್ತಿಟ್ಟಿದ್ದೆ. ಸಂಜೆ ನೋಡಿದ್ರೆ ಮತ್ತೆ ಅಲ್ಲೇ ತಂದಿಟ್ಟಿದ್ರು. ಯಾಕ್ರೀ ಅಂದ್ರೆ, 'ಇರ್ಲಿ ಬಿಡೇ. ಬಾ ಅಂತ ಕರೆದ್ರೆ ಅವನು ಬರಲ್ಲ. ಶಬ್ದ ಹುಡುಕ್ಕೊಂಡಾದ್ರೂ ಬರ್ತಾನೇನೋ ನೋಡೋಣ' ಅಂದ್ರು."

ಮೆಕ್ಯಾನಿಕ್ ಬಾನೆಟ್ ಹಿಡಿದುಕೊಂಡೇ ನಿಂತ. ಅಯ್ಯೋ, ಅಣ್ಣಾ. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದ. ಒಂದ್ಸಲ ಬಾರೋ ಎಂದು ಬಂದಾಗಲೆಲ್ಲ ಹೇಳಿದ್ದ. ಅದು ಕಾರಿನ ಮಾತಲ್ಲವೆಂದು ತನಗೆ ಆಗಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಬೆಲ್ಟು ಬದಲಾಯಿಸುತ್ತ ಕೂತಿದ್ದ.

ವ್ಯಾನಿನವನು ಹಾರ್ನ್ ಮಾಡಿದ. ಟೈಲರ್ ಓಡಿ ಬಂದು, "ಒಂದು ಬಟ್ಟೆ ಕೊಡ್ಲಾ, ಬೆಲ್ಟ್ ಒರೆಸ್ಕೊಳ್ಳಿ" ಎಂದ.

"ಬೇಡ. ಹಾಗೇ ಇರ್ಲಿ."

ವ್ಯಾನಿನ ಹಿಂದೆ ಕಾರು ಬೀದಿಯುದ್ದಕ್ಕೂ ಕೂಗುತ್ತ ಹೋಯಿತು. ಜನ ಬಾಗಿಲಿಗೆ ಬಂದು ನೋಡಿದರು. ತಿರುವು ದಾಟುವ ಹೊತ್ತಿಗೆ ಕೂಗು ಸಣ್ಣದಾಗುತ್ತ ಬಂದು, ಮುಖ್ಯರಸ್ತೆಯಲ್ಲಿ ನಿಂತೇಹೋಯಿತು. ಆಗ ಮೆಕ್ಯಾನಿಕ್ ಸ್ಟೀರಿಂಗ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

*

ಎಲ್ಲ ಮುಗಿಸಿ ಮನೆಗೆ ಮರಳಿದಾಗ ಬಿಸಿಲು ಇಳಿದಿತ್ತು. ಮೆಕ್ಯಾನಿಕ್ ಕಾರನ್ನು ಅದೇ ಜಾಗಕ್ಕೆ, ನೆಲದ ಮೇಲೆ ಕೆಮ್ಮಣ್ಣಿನ ಕಲೆ ಇದ್ದ ಕಡೆಗೇ ತಂದು ನಿಲ್ಲಿಸಿದ.

"ಸ್ವಲ್ಪ ಹಿಂದೆ ತಗೋಬಾರದೇನೋ," ಎಂದಳು ಅತ್ತಿಗೆ, "ಆ ಕುಂಡದ ಕೆಳಗೇ ಬಂತಲ್ಲ."

"ಇರ್ಲಿ ಅತ್ತಿಗೆ. ರಾತ್ರಿ ಇಲ್ಲೇ ಮಲಗ್ತೀನಿ. ಬೆಳಿಗ್ಗೆ ಕೇಳ್ಬೇಕು."

ಅತ್ತಿಗೆ ಅವನನ್ನು ನೋಡಿದಳು. ಆಮೇಲೆ ಹಾಸಿಗೆ ಹಾಸಲು ಒಳಗೆ ಹೋದಳು.

ಅವನು ನಲ್ಲಿಯತ್ತ ಹೋಗಲಿಲ್ಲ. ಅದೇ ಕಾಲಲ್ಲಿ ಹೊಸ್ತಿಲು ದಾಟಿ, ಹೊಳೆಯುವ ನೆಲದ ಮೇಲೆ ನಡೆದು, ಮೆಟ್ಟಿಲು ಹತ್ತಿದ. ಬಾಲ್ಕನಿಯಲ್ಲಿ ಅಣ್ಣನ ಮಗ್ಗು ಬಕೆಟ್ಟಿನ ಅಂಚಿಗೆ ತೂಗುತ್ತಿತ್ತು. ಕುಂಡಕ್ಕೆ ತುಂಬಾ ನೀರು ಹಾಕಿದ. ಮಣ್ಣು ಅದನ್ನು ಮೆಲ್ಲಗೆ ಹೀರಿಕೊಂಡಿತು. ಕಟಕಟೆಯ ಮೇಲೆ ಬಗ್ಗಿ, ಕೆಳಗೆ ಮೊದಲ ಹನಿ ಬಾನೆಟ್ಟಿನ ಮೇಲೆ ಬೀಳುವುದನ್ನೇ ಕಾಯುತ್ತ ನಿಂತ.