ಸಮ್ರಾಟನಿಗೊಂದು ಬೊಗಸೆ ನೀರು

ಈ ಕತೆಯನ್ನು ಹೇಳಬೇಕಾದವರು ಬೇರೆ ಯಾರೋ. ಗಿಟಾರಿನ ತಂತಿ ಮುಟ್ಟಿ ಗೊತ್ತಿಲ್ಲದ ಕೈ ಒಬ್ಬ ರಾಕ್ ಹಾಡುಗಾರನ ಸುದ್ದಿ ಬರೆಯುವುದು ಅಧಿಕಪ್ರಸಂಗವೇ ಸರಿ. ಅವನನ್ನು ಹೆತ್ತವರು ಇದ್ದಾರೆ, ಅವನ ಜೊತೆ ನುಡಿಸಿದವರು ಇದ್ದಾರೆ. ಅವರೆಲ್ಲರ ಕ್ಷಮೆ ಮೊದಲು ಕೇಳಬೇಕು. ಆದರೂ ಹೇಳುವುದು ಯಾಕೆಂದರೆ, ಪ್ರಾಣೇಶನ ಪಾಲಿನ ದುಃಖವನ್ನು ಅವರು ಯಾರೂ ಹೇಳಲಾರರು. ಪ್ರಾಣೇಶ ಅಲ್ಲಿ ಇದ್ದನೆಂಬುದೇ ಅವರಿಗೆ ಸರಿಯಾಗಿ ನೆನಪಿಲ್ಲ.

ಪ್ರಾಣೇಶ ಬಳ್ಳಾರಿಯ ಪಾರ್ವತಿನಗರದಲ್ಲಿ ಒಬ್ಬನೇ ಇರುವ ಗುಮಾಸ್ತ. ವಯಸ್ಸು ಐವತ್ತರ ಹತ್ತಿರ. ಮದುವೆ ಕೂಡಿಬರಲಿಲ್ಲ. ಮೊದಲು ತಂದೆ ಹೋದರು, ಆಮೇಲೆ ತಾಯಿ ವೆಂಕೂಬಾಯಿ. ಭಾದ್ರಪದದ ಪಕ್ಷಮಾಸದಲ್ಲಿ ತೀರಿಹೋದವರ ಹೆಸರು ಹೇಳಿ, ಬೊಗಸೆಯಿಂದ ಎಳ್ಳುನೀರು ಬಿಡುವುದು ಅವರ ಮನೆತನದ ರೂಢಿ. ವರ್ಷಕ್ಕೊಮ್ಮೆ ಆ ಹೊತ್ತಿನಲ್ಲಿ ಮಾತ್ರ ಪ್ರಾಣೇಶ ತನ್ನವರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಉಳಿದ ದಿನ ಯಾರನ್ನಾದರೂ ಹೆಸರು ಹಿಡಿದು ಕರೆಯುವ ಪ್ರಸಂಗವೇ ಅವನಿಗೆ ಬರುತ್ತಿರಲಿಲ್ಲ.

ತಂದೆತಾಯಿ, ಅಜ್ಜ, ಮುತ್ತಜ್ಜಂದಿರದು ಮುಗಿದ ಮೇಲೆ ಗುರುವಿಗೆ, ಗೆಳೆಯನಿಗೆ ಎಂದು ಒಂದೊಂದು ಬೊಗಸೆ ಬಿಡಲು ಅವಕಾಶವಿದೆ. ಗೆಳೆಯನ ಜಾಗ ಬಂದಾಗ ಪ್ರಾಣೇಶ ಪ್ರತಿ ವರ್ಷವೂ ಕೈ ಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಈ ವರ್ಷ ಆ ಬೊಗಸೆಯನ್ನು ಸಮ್ರಾಟನಿಗೆ ಬಿಡಬೇಕೆಂದು ನಿಶ್ಚಯಿಸಿದ.

ಸಮ್ರಾಟ್ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ; ಹೊರಗಿನವರಿಗಾಗಿ ಎರಡು ಮಾತು. ಕುರುಗೋಡಿನ ಕೇರಿಯಲ್ಲಿ ಹುಟ್ಟಿದವನು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ವೆಲ್ಡಿಂಗ್ ಅಂಗಡಿಯೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ತನ್ನ ತಂಡ ಕಟ್ಟಿದ. ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಮನೆಯಲ್ಲಿ ಆಡುವ ಮಾತಿನಲ್ಲೇ ಹಾಡಿದ. ‘ಕೆಂಧೂಳು ತಿಂದು ಬೆಳದೀನಿ, ನನ್ನ ತೊಳಿಯಾಕ ಬರಬ್ಯಾಡ’ ಎಂದು ಅವನು ಎತ್ತಿದರೆ ಅದಿರು ಲಾರಿಗಳ ರಸ್ತೆಯಲ್ಲಿ ಬೆಳೆದ ಹುಡುಗರ ಎದೆ ಬಿರಿಯುತ್ತಿತ್ತು. ಹೈದರಾಬಾದಿನಲ್ಲೂ ಅವನ ಹಾಡಿಗೆ ಜನ ಸೇರುತ್ತಿದ್ದರು. ಮೂರು ವರ್ಷದ ಹಿಂದೆ, ಮೂವತ್ತನಾಲ್ಕರ ಪ್ರಾಯದಲ್ಲಿ, ಡೆಂಗಿ ಜ್ವರಕ್ಕೆ ಹೋಗಿಬಿಟ್ಟ. ಈಗ ಮದುವೆ ಆರ್ಕೆಸ್ಟ್ರಾಗಳೂ ಅದೇ ಹಾಡನ್ನು ನುಡಿಸುತ್ತವೆ, ಮದುಮಕ್ಕಳ ಮೇಲೆ ಹೂ ಎರಚುವಾಗ.

ಪ್ರಾಣೇಶನಿಗೂ ಅವನಿಗೂ ಏನು ಸಂಬಂಧ? ತಾಯಿ ತೀರಿಕೊಂಡ ವರ್ಷ, ಸಂಜೆ ಮನೆಗೆ ಹೋಗಲು ಮನಸ್ಸಾಗದೆ, ಪ್ರಾಣೇಶ ಕಂಟೋನ್ಮೆಂಟಿನ ರಸ್ತೆಗಳಲ್ಲಿ ಸುಮ್ಮನೆ ತಿರುಗುತ್ತಿದ್ದ. ಒಂದು ದಿನ ಆ ಶೆಡ್ಡಿನೊಳಗಿಂದ ಬಂದ ಸದ್ದು ಅವನನ್ನು ಹಿಡಿದು ನಿಲ್ಲಿಸಿತು. ದಾಸರ ಪದಗಳನ್ನು ಕೇಳಿ ಬೆಳೆದ ಕಿವಿ. ಅದು ಹಾಡೋ ಜಗಳವೋ ಗೊತ್ತಾಗಲಿಲ್ಲ. ಆದರೆ ತಾಯಿ ಹೋದಾಗ ತಾನು ಹಾಕಬೇಕಾಗಿದ್ದ ಕೂಗನ್ನು ಒಳಗೆ ಯಾರೋ ಹಾಕುತ್ತಿದ್ದಾರೆ ಅನ್ನಿಸಿತು. ಗೇಟಿನ ಹೊರಗೇ ನಿಂತ. ಮರುದಿನವೂ ಬಂದು ನಿಂತ. ಮೂರನೆಯ ದಿನ ಸಮ್ರಾಟನೇ ಹೊರಗೆ ಬಂದ. ಬೆವರಿಗೆ ತೊಯ್ದ ಬನಿಯನ್, ಕೈಯಲ್ಲಿ ಚಹದ ಲೋಟ.

“ಒಳಗ ಬರ್ರಿ ಸಾರ್. ಹೊರಗ ನಿಂದ್ರೋದು ನಮ್ಮ ಮಂದಿಗೆ ರೂಢಿ, ನಿಮಗ್ಯಾಕ?”

ನಗುತ್ತಲೇ ಅಂದ. ಲೋಟವನ್ನು ಇವನ ಕೈಗೆ ಕೊಟ್ಟು ಒಳಗೆ ಹೋದ. ಅಂದಿನಿಂದ ಪ್ರಾಣೇಶ ಪ್ರತಿ ಶುಕ್ರವಾರ ಶೆಡ್ಡಿನ ಮೂಲೆಯಲ್ಲಿ ಒಂದು ಬಣ್ಣದ ಡಬ್ಬಿಯ ಮೇಲೆ ಕೂತು ಕೇಳಿದ. ವರ್ಷಗಟ್ಟಲೆ ಕೇಳಿದ. ಬಂದಾಗ “ಬರ್ರಿ ಸಾರ್”, ಹೊರಟಾಗ “ಹೋಗಿ ಬರ್ರಿ ಸಾರ್”. ಅದಕ್ಕಿಂತ ಹೆಚ್ಚು ಮಾತು ಇಬ್ಬರ ನಡುವೆ ಆಗಲೇ ಇಲ್ಲ.

ಇಷ್ಟಕ್ಕೆ ಗೆಳೆತನ ಅನ್ನಬಹುದೇ? ಇದೇ ಅವನ ದೊಡ್ಡ ಅಳುಕು. ಅಳುಕುತ್ತಲೇ ಸಿರುಗುಪ್ಪದ ವಿಶ್ವಪ್ರಿಯ ಆಚಾರ್ಯರಿಗೆ ಫೋನ್ ಮಾಡಿದ. ಪ್ರತಿ ವರ್ಷ ಅಮಾವಾಸ್ಯೆಯಂದು ತುಂಗಭದ್ರೆಯ ದಂಡೆಯಲ್ಲಿ ತರ್ಪಣ ಮಾಡಿಸುವವರು ಅವರೇ.

“ಬಿಡಬಹುದಪ್ಪಾ, ಅದಕ್ಕೇನದ?” ಅಂದರು ಆಚಾರ್ಯರು. “ಗೋತ್ರ?”

“ಅವರದು ಬೇರೆ ಜನ, ಆಚಾರ್ರೇ.”

“ಗೋತ್ರ ತಿಳೀದಿದ್ದರ ಕಾಶ್ಯಪ ಅನ್ನೋದು ಪದ್ಧತಿ. ಹೆಸರು?”

“ಸಮ್ರಾಟ್.”

“ಹುಟ್ಟಿದಾಗ ಇಟ್ಟ ಹೆಸರು ಕೇಳಿಕೊಂಡು ಬಾರೋ. ಸಮ್ರಾಟ್ ಅಂತ ಕೂಗಿದರ ಅಶೋಕನಿಂದ ಹಿಡಿದು ಎಲ್ಲಾರೂ ಬಂದು ಸಾಲು ನಿಲ್ತಾರ. ನಿನ್ನ ಒಂದು ಬೊಗಸಿ ನೀರು ಯಾರಿಗೆ ಸಾಲ್ತದ?”

ಹೆಸರು ತಪ್ಪಿದರೆ ನೀರು ತಪ್ಪಿತು. ಪ್ರಾಣೇಶನಿಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಕೇಳಿದವನಿಗೆ ಹಾಡಿದವನ ಹೆಸರೇ ಗೊತ್ತಿಲ್ಲ.

ಆ ಭಾನುವಾರ, ಪ್ರತಿ ವರ್ಷದಂತೆ, ಸಮ್ರಾಟನ ನೆನಪಿಗೆ ಅಭಿಮಾನಿಗಳು ಶೆಡ್ಡಿನಲ್ಲಿ ಸೇರುವುದಿತ್ತು. ಮೊದಲ ವರ್ಷ ಜನ ರಸ್ತೆಯವರೆಗೂ ನಿಂತಿದ್ದರು. ಈ ಸಲ ಬಾಡಿಗೆಗೆ ತಂದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಎದುರಿಗೆ ಸಮ್ರಾಟನ ಫೋಟೋ, ಅದಕ್ಕೊಂದು ಸೇವಂತಿಗೆ ಹಾರ. ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದು, ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗವಿಸಿದ್ದೇಶ್ ಮೊದಲು ಮಾತಾಡಿದ.

“ಒಮ್ಮಿ ಸಂಗನಕಲ್ಲು ಗುಡ್ಡಕ್ಕ ಕರಕಂಡು ಹೋದ ನೋಡ್ರಿ. ಅಲ್ಲೊಂದು ಬಂಡೆಗಲ್ಲಿಗೆ ಕಲ್ಲಿಲೆ ಹೊಡದ. ಗಂಟಿ ಹೊಡದಂಗ ಠಣ್ ಅಂತು! ‘ಲೇ ಜಲ್ದಿ, ನಿನ್ನ ಡ್ರಮ್ ಸೆಟ್ ಮಾರಿಬಿಡು, ಇದನ್ನ ಹೊತ್ಕಂಡು ಹೋಗಾಣ’ ಅಂದ. ನಾನು ತಾಳ ಓಡಸ್ತಿದ್ನಲ್ರೀ, ಅದಕ್ಕ ಜಲ್ದಿ ಅಂತಿದ್ದ ನನಗ.”

ಎಲ್ಲರೂ ನಕ್ಕರು. ಪ್ರೈಮರಿ ಶಾಲೆಯ ಟೀಚರ್ ಶ್ರೀವಲ್ಲಿ, “ನನಗ ಹೆಡ್‌ಮಾಸ್ಟರ್ ಅಂತಿದ್ದ” ಅಂದಳು. “ನಮ್ಮ ಮಕ್ಕಳಿಗೆ ಹದಿನೇಳರ ಮಗ್ಗಿ ಬಾಯಿಗೆ ಬರ್ತಿದ್ದಿಲ್ಲ. ಅವನ ಹಾಡಿನ ತಾಳಕ್ಕ ಹಾಕಿದೆ. ಈಗ ಬಿಡು ಅಂದ್ರೂ ಬಿಡೋದಿಲ್ಲ.”

ಹೀಗೆ ಒಬ್ಬೊಬ್ಬರಾಗಿ ಹೇಳಿದರು. ಒಬ್ಬ ಅವನ ಮಾತಿಗೆ ಕುಡಿತ ಬಿಟ್ಟಿದ್ದ, ಇನ್ನೊಬ್ಬ ಅವನನ್ನು ನೋಡಿ ಗಿಟಾರ್ ಕೊಂಡು, ಬಾರದೆ, ಗೋಡೆಗೆ ತೂಗುಹಾಕಿದ್ದ. ಎಲ್ಲರಿಗೂ ಸಮ್ರಾಟ್ ಒಂದೊಂದು ಅಡ್ಡಹೆಸರು ಇಟ್ಟಿದ್ದ. ಅದನ್ನು ಹೇಳುವಾಗ ಅವರ ಮುಖಗಳು ಬೆಳಗುತ್ತಿದ್ದವು.

“ಸಾರ್, ನಿಮಗೇನಂತಿದ್ದ?” ಗವಿಸಿದ್ದೇಶ್ ಮೂಲೆಯಲ್ಲಿ ಕೂತಿದ್ದ ಪ್ರಾಣೇಶನತ್ತ ತಿರುಗಿ ಕೇಳಿದ.

“ಸಾರ್ ಅಂತಿದ್ರು.”

“ಅದು ಎಲ್ಲಾರಿಗೂ ಅಂತಾರ ಬಿಡ್ರಿ.”

ಚೇಷ್ಟೆಯಿಂದ ಅಂದದ್ದಲ್ಲ. ಪ್ರಾಣೇಶ ಕೇಳಿದ: “ಅವರ ಹುಟ್ಟಿದ ಹೆಸರು ಏನ್ರಿ?”

ಒಬ್ಬರ ಮುಖ ಒಬ್ಬರು ನೋಡಿದರು. “ಸಮ್ರಾಟ್ ಅಲ್ಲೇನ್ರಿ? ಪೇಪರಿನಾಗೂ ಅದನ್ನ ಹಾಕಿದ್ರಲ್ಲ” ಅಂದಳು ಶ್ರೀವಲ್ಲಿ. “ಯಾಕ್ರೀ ಸಾರ್, ಈಗ ಇನ್ಶೂರೆನ್ಸ್ ಮಾಡಸ್ತೀರೇನು?” ಎಂದು ಹಿಂದಿನಿಂದ ಯಾರೋ ಅಂದರು, ಮತ್ತೆ ನಗು. ಕೊನೆಗೆ ಗವಿಸಿದ್ದೇಶನೇ ಹೇಳಿದ: “ಕುರುಗೋಡಿಗೆ ಹೋಗ್ರಿ. ಅವರವ್ವ ಉಚ್ಚೆಂಗೆಮ್ಮನ್ನ ಕೇಳ್ರಿ.”

ಮರುದಿನ ರಜೆ ಹಾಕಿ ಪ್ರಾಣೇಶ ಕುರುಗೋಡಿನ ಬಸ್ಸು ಹತ್ತಿದ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೇರಿಯ ಮೊದಲ ಗೋಡೆಯ ಮೇಲೆಯೇ ಗಿಟಾರ್ ಹಿಡಿದ ಸಮ್ರಾಟನ ದೊಡ್ಡ ಚಿತ್ರ; ಬಿಸಿಲಿಗೆ ಬಣ್ಣ ಹೋಗಿ, ಕಣ್ಣು ಮಾತ್ರ ಉಳಿದಿದ್ದವು. ಉಚ್ಚೆಂಗೆಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಮಗಳು ನೇತ್ರಾ. ಗೋಡೆಯ ಮೇಲೆ ಬುದ್ಧನ ಪಟ, ಅಂಬೇಡ್ಕರರ ಪಟ, ಅವುಗಳ ಕೆಳಗೆ ತಂತಿ ಕಿತ್ತ ಒಂದು ಗಿಟಾರ್.

“ಅವ್ವಾ, ನಿಮ್ಮ ಮಗನ ಹುಟ್ಟಿದ ಹೆಸರು ಬೇಕಿತ್ತು.”

ಉಚ್ಚೆಂಗೆಮ್ಮ ಸೆರಗು ಬಾಯಿಗೆ ಹಿಡಿದು ಮಗಳತ್ತ ನೋಡಿದರು. “ನೀ ಹೇಳವ್ವ. ನನ್ನ ಬಾಯಾಗ ಬರಬಾರದು.”

“ಮಾರೆಣ್ಣ ಅಂತ್ರಿ” ಅಂದಳು ನೇತ್ರಾ. “ನಮ್ಮ ತಾತನ ಹೆಸರು. ಮಾವನ ಹೆಸರು ಸೊಸಿ ಹೇಳಂಗಿಲ್ಲಲ್ರೀ, ಅದಕ್ಕ ನಮ್ಮವ್ವ ಅಣ್ಣನ್ನ ಕೂಸಿದ್ದಾಗಿಂದ ‘ತಾತ’ ಅಂತನ ಕರದ್ಲು. ಓಣಿ ಮಂದಿನೂ ಅದನ್ನ ಹಿಡಕಂಡ್ರು. ಸಾಲ್ಯಾಗ ಹಾಜರಿ ಕೂಗಿದಾಗ ಅಷ್ಟ ಮಾರೆಣ್ಣ. ಆಮ್ಯಾಲೆ ತಾನ ಸಮ್ರಾಟ್ ಅಂತ ಇಟ್ಕಂಡ.”

“ಹೆಸರು ಯಾಕ ಬೇಕಾಗಿತ್ತಪಾ?” ಎಂದು ಕೇಳಿದರು ತಾಯಿ.

ಪ್ರಾಣೇಶ ತಡವರಿಸುತ್ತ ಹೇಳಿದ: ಪಕ್ಷಮಾಸ, ಅಮಾವಾಸ್ಯೆ, ಸಿರುಗುಪ್ಪದ ಹೊಳೆ, ಎಳ್ಳುನೀರು. ಉಚ್ಚೆಂಗೆಮ್ಮನ ಕೈಯಲ್ಲಿ ಶೇಂಗಾ ನಿಂತಿತು. ಆಮೇಲೆ ಅವರು ನಕ್ಕರು. ಆ ನಗು ಮೆಲ್ಲಗೆ ಆರಿಹೋಯಿತು.

“ಕಾಲ ಹೆಂಗ ಬಂತು ನೋಡವ್ವ ನೇತ್ರಾ. ಅವನ್ನ ಕಂಕುಳಾಗ ಇಟ್ಕಂಡು ನಾನು ಬಳ್ಳಾರ್ಯಾಗ ಗಾರಿ ಬುಟ್ಟಿ ಹೊತ್ತೀನಿ. ಬಾಯಾರಿ ನೀರು ಕೇಳಿದ್ರ ನಿಮ್ಮಂಥೋರ ಮನಿ ಮುಂದ ಮ್ಯಾಲಿಂದ ಹೊಯ್ಯೋರು. ಬೊಗಸಿ ಒಡ್ಡಿ ಕುಡೀತಿದ್ವಿ, ಅವನೂ, ನಾನೂ. ಈಗ ನೀವು ಹೊಳ್ಯಾಗ ನಿಂತು ಹೆಸರು ಹಿಡ್ದು ಕರದು ನೀರು ಕೊಡ್ತೀರಾ?”

ಪ್ರಾಣೇಶ ಎದ್ದು ಹೋಗಬೇಕೋ, ಕೂತೇ ಇರಬೇಕೋ ತಿಳಿಯದೆ ಮಂಡಿಯ ಮೇಲಿನ ಚೀಲವನ್ನು ಹಿಡಿದುಕೊಂಡ.

“ನೇತ್ರಾ, ನೀರು ತಾ.”

ನೇತ್ರಾ ಚೊಂಬಿನಲ್ಲಿ ನೀರು ತಂದಳು. ಎತ್ತಿ ಬಾಯಿಗೆ ಹೊಯ್ದುಕೊಳ್ಳುವುದು ಅವನ ಮನೆಯ ರೂಢಿ. ಅವನು ಎತ್ತಲಿಲ್ಲ. ಚೊಂಬಿಗೆ ತುಟಿಯಿಟ್ಟು, ಬರಿದಾಗುವವರೆಗೂ ಕುಡಿದ. ಉಚ್ಚೆಂಗೆಮ್ಮ ನೋಡುತ್ತಲೇ ಇದ್ದರು. ಮತ್ತೆ ಶೇಂಗಾಕ್ಕೆ ಕೈಹಾಕಿದರು.

“ಕೊಡ್ರಿ, ಬ್ಯಾಡನ್ನಾಕ ನಾನ್ಯಾರು? ಆದರ ಆ ಹೆಸರು ಕೂಗಿದ್ರ ಮೊದಲು ಬರಾದು ನಮ್ಮ ಮಾವ, ನೋಡ್ಕಳ್ರಿ. ಅವಗ ನೀರಂದ್ರ ಆಗ್ತಿದ್ದಿಲ್ಲ. ಸೇಂದಿ ತಾ ಅಂತಾನ.”

ನೇತ್ರಾ ಕಿಸಕ್ಕೆಂದಳು. ಪ್ರಾಣೇಶನಿಗೂ ನಗು ಬಂತು.

“ಹೆಸರು ಯಾತಕ್ಕ? ನೀವು ಅವನ್ನ ಏನಂತ ಕರೀತಿದ್ರಿ, ಹಂಗ ಕರೀರಿ.”

ನಗು ಅಲ್ಲಿಗೇ ನಿಂತಿತು. ಶುಕ್ರವಾರಗಳನ್ನೆಲ್ಲ ಅವನು ಮನಸ್ಸಿನಲ್ಲೇ ತಡಕಾಡಿದ. ಬಣ್ಣದ ಡಬ್ಬಿ, ಚಹ, ತಗಡಿನ ಕೆಳಗಿನ ಸೆಕೆ, ಹಾಡು. “ನಾನು… ಕರದಿಲ್ಲವ್ವಾ.”

“ಒಮ್ಮೀನೂ?”

“ಒಮ್ಮೆಯೂ ಇಲ್ಲ. ಸುಮ್ಮನೆ ಕೂತು ಕೇಳ್ತಿದ್ದೆ.”

ಉಚ್ಚೆಂಗೆಮ್ಮ ಅವನನ್ನು ಬಹಳ ಹೊತ್ತು ನೋಡಿದರು. ಮಗನನ್ನು ಕಳೆದುಕೊಂಡವರು ಅವರು. ಆದರೆ ಮರುಕವಿದ್ದದ್ದು ಅವರ ಕಣ್ಣಲ್ಲೇ. ಸುಲಿದ ಶೇಂಗಾ ಒಂದು ಹಿಡಿ ತೆಗೆದು ಅವನ ಕೈಗೆ ಹಾಕಿದರು. “ತಿನ್ನು” ಅಂದರು, ಮನೆಯವನಿಗೆ ಹೇಳುವ ಹಾಗೆ.

ಬಸ್ ನಿಲ್ದಾಣದ ತನಕ ಕಳಿಸಲು ನೇತ್ರಾ ಬಂದಳು. “ಶೆಡ್ಡಿನ್ಯಾಗ ಇನ್ನೂ ಮಂದಿ ಸೇರ್ತಾರೇನ್ರಿ ಸಾರ್? ಇಲ್ಲಿಗೆ ಈಗ ಯಾರೂ ಬರಲ್ಲ.”

“ಸೇರ್ತಾರಮ್ಮ. ಕುರ್ಚಿ ಸಾಲೋದಿಲ್ಲ” ಅಂದ ಪ್ರಾಣೇಶ.

ಅಮಾವಾಸ್ಯೆಯ ಬೆಳಿಗ್ಗೆ ಸಿರುಗುಪ್ಪದ ಹತ್ತಿರ ಹೊಳೆ ತುಂಬಿ ಹರಿಯುತ್ತಿತ್ತು. ದಂಡೆಯ ಉದ್ದಕ್ಕೂ ಒದ್ದೆ ಪಂಚೆಯ ಗಂಡಸರು. ಅಕ್ಕಿ ಗಿರಣಿಗಳ ಕಡೆಯಿಂದ ಬೆಂದ ಭತ್ತದ ವಾಸನೆ. ಪ್ರಾಣೇಶ ಮೊಣಕಾಲುದ್ದ ನೀರಿನಲ್ಲಿ ನಿಂತು, ಜನಿವಾರವನ್ನು ಬಲಭುಜಕ್ಕೆ ಹಾಕಿಕೊಂಡು, ಆಚಾರ್ಯರು ಹೇಳಿದಂತೆ ಹೇಳಿದ. ತಂದೆಯ ಹೆಸರು ಬಂತು. ವೆಂಕೂಬಾಯಿಯ ಹೆಸರು ಬಂತು. ಎಳ್ಳು ಬೆರಳಿಗೆ ಅಂಟುತ್ತಿತ್ತು, ನೀರು ಜಾರುತ್ತಿತ್ತು.

“ಇನ್ನ ನಿನ್ನ ಸಖ. ಕಾಶ್ಯಪ ಗೋತ್ರ. ಹೆಸರು ಹೇಳೋ.”

ಬೊಗಸೆ ತುಂಬಿತ್ತು. ಮಾರೆಣ್ಣ ಅಂದರೆ ಸೇಂದಿ ಕೇಳುವ ಮುದುಕ. ತಾತ ಅನ್ನುವುದು ತಾಯಿಯ ಮಾತು, ಅದನ್ನು ಎರವಲು ತರುವುದು ತಪ್ಪು. ಸಮ್ರಾಟ್ ಎಂದು ಸಾವಿರ ಜನ ಕೂಗಿದ್ದರು. ಪ್ರಾಣೇಶ ಮಾತ್ರ ಒಂದು ಸಲವೂ ಕೂಗಿರಲಿಲ್ಲ. ಈಗ ಕೂಗಿದರೆ, ಇದು ಯಾರ ದನಿ ಎಂದು ಹಾಡಿದವನಿಗೆ ಗುರುತು ಹತ್ತೀತೇ? ಬೆರಳ ಸಂದಿಯಿಂದ ನೀರು ಸೋರತೊಡಗಿತು.

“ಹೇಳೋ ಪ್ರಾಣೇಶ. ಹಿಂದ ಮಂದಿ ಕಾಯ್ತಾರ.”

“ಒಳಗ ಬರ್ರಿ” ಅಂದ ಪ್ರಾಣೇಶ.

ಉಳಿದಿದ್ದ ನೀರು ಹೆಬ್ಬೆರಳ ಬುಡದಿಂದ ಜಾರಿ ಹೊಳೆ ಸೇರಿತು. ಕರಿ ಎಳ್ಳಿನ ಕಾಳುಗಳು ಒಂದು ಗಳಿಗೆ ಅಲ್ಲೇ ತಿರುಗಿ, ಸೆಳವಿಗೆ ಸಿಕ್ಕು ಹೋದವು.

“ಏನಂದಿ?” ಆಚಾರ್ಯರು ಹುಬ್ಬು ಗಂಟಿಕ್ಕಿದರು.

“ಕರದೆ, ಆಚಾರ್ರೇ.”

ಆಚಾರ್ಯರು ಅವನ ಮುಖ ನೋಡಿದರು, ಇನ್ನೇನೋ ಕೇಳಲು ಹೋಗಿ ಬಿಟ್ಟರು. “ಆತು. ಮೇಲೆ ಬಾ” ಅಂದರು.

ಹೆಸರಿಲ್ಲದೆ ಬಿಟ್ಟ ನೀರು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆಚಾರ್ಯರು ಹೇಳಲಿಲ್ಲ, ಪ್ರಾಣೇಶ ಕೇಳಲಿಲ್ಲ. ಅದು ಯಾರಿಗೆ ಮುಟ್ಟಿತು, ಯಾರಿಗಾದರೂ ಮುಟ್ಟಿತೋ ಇಲ್ಲವೋ, ಅದೂ ಗೊತ್ತಿಲ್ಲ. ಇನ್ನೊಂದಿದೆ. ಅಷ್ಟು ವರ್ಷ “ಬರ್ರಿ ಸಾರ್” ಎಂದು ಕರೆದ ಸಮ್ರಾಟನಿಗೆ, ಆ ಮೂಲೆಯ ಮನುಷ್ಯನ ಹೆಸರು ಪ್ರಾಣೇಶ ಎಂಬುದು ತಿಳಿದಿತ್ತೇ? ಅದನ್ನು ಹೇಳಬಲ್ಲವರು ಈಗ ಯಾರೂ ಇಲ್ಲ.